ವಿಚಾರಣೆ ಮಿಸ್ಸಿನ ಮೂರನೆಯ ಕಾಲಂ

ಕಳೆದ ತಿಂಗಳು ನಮ್ಮ ಶಾಲೆಯಿಂದ ವಿಚಾರಣೆ ಮಿಸ್ ನಿವೃತ್ತರಾದರು. ಒಂದು ಗೋಡೆ ಗಡಿಯಾರ ಕೊಟ್ಟು, ಎಂಟು ಜನ ಭಾಷಣ ಮಾಡಿ ಕಳಿಸಿಕೊಟ್ಟೆವು. ಎಂಟೂ ಭಾಷಣದಲ್ಲಿ ಅವರು ಶಿಸ್ತಿನ ಸಿಪಾಯಿ, ಮಕ್ಕಳ ಪಾಲಿನ ತಾಯಿ, ಕಾಲಕ್ಕಿಂತ ಮುಂದಿದ್ದವರು. ಹೆಡ್‌ಮೇಡಂ ಅಂತೂ ಬರೆದುಕೊಂಡು ಬಂದ ಕಾಗದದಿಂದ ತಲೆ ಎತ್ತಲೇ ಇಲ್ಲ. ಒಂಬತ್ತನೆಯವನಾಗಿ ನನ್ನನ್ನು ಕರೆದಾಗ ನಾನು ಎದ್ದು ನಿಂತು, "ಇವರ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದೀನಿ. ನಮಸ್ಕಾರ" ಎಂದು ಹೇಳಿ ಕೂತುಬಿಟ್ಟೆ. ಪಾಪ, ಗಂಟಲು ಕಟ್ಟಿತು ಎಂದು ಎಲ್ಲರೂ ತಿಳಿದರು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಹೇಳಬೇಕಾದದ್ದು ಬಿಸ್ಕತ್ತು ತಿನ್ನುತ್ತಾ ಕೇಳುವಂಥದ್ದಾಗಿರಲಿಲ್ಲ, ಅಷ್ಟೆ. ಅದನ್ನು ಇಲ್ಲಿ ಹೇಳುತ್ತೇನೆ.

ನಾನು ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನು. ಮೊದಲು ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿದಾಗ ನನ್ನನ್ನೂ ಅವುಗಳ ಜೊತೆ ತೂಕಕ್ಕೆ ಹಾಕುವ ಬದಲು ಹದಿನಾರು ಕಂಪ್ಯೂಟರು ಕೊಟ್ಟು ಕೂರಿಸಿದರು. ಅದರಲ್ಲಿ ನಡೆಯುತ್ತಿದ್ದದ್ದು ಹನ್ನೊಂದು. ಉಳಿದ ಐದನ್ನು ಬಿಚ್ಚಿ ಬಿಚ್ಚಿ ಈ ಹನ್ನೊಂದರ ಹೊಟ್ಟೆ ತುಂಬಿಸುತ್ತಿದ್ದೆ. ಮಕ್ಕಳು ಎದುರಿಗೆ ಸರ್ ಎನ್ನುತ್ತಾರೆ, ಬೆನ್ನ ಹಿಂದೆ ಮೌಸ್ ಮಾಮ. ನನಗೆ ಎರಡೂ ಕೇಳಿಸುತ್ತದೆ.

ವಿಚಾರಣೆ ಮಿಸ್ ನಾಲ್ಕನೆಯ ತರಗತಿಯ ಟೀಚರು. ಆ ಹೆಸರು ಅವರಿಗೆ ತಾಯಿಯಿಂದ ಬಂದದ್ದು. ತಾಯಿ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ "ವಿಚಾರಣೆ" ಎಂದು ಬರೆದ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತಿದ್ದವರು. ಆ ಮುದುಕಿಗೆ ಈಗ ಕಿವಿ ಮಂದ. ಆದರೂ ಮನೆಗೆ ಯಾರೇ ಹೋಗಲಿ, ಯಾವ ಕಡೆ ಹೊರಟಿದ್ದೀರಿ ಎಂದು ಕೇಳಿ, ಎಂದೋ ನಿಂತುಹೋದ ಬಸ್ಸಿನ ಸಮಯವನ್ನು ಖಡಾಖಂಡಿತವಾಗಿ ಹೇಳುತ್ತಾರೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ಮಗಳು, ಮಗಳನ್ನು ಬಿಟ್ಟರೆ ಇನ್ನಾರೂ ಇಲ್ಲದ ತಾಯಿ, ಎರಡು ಕೋಣೆಯ ಮನೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಮಿಸ್ಸು ಆ ಕಿಟಕಿಯ ಒಳಗೇ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದರಂತೆ. ಅಲ್ಲಿ ತಾಯಿಯದು ಒಂದೇ ನಿಯಮ. ಗೊತ್ತಿದ್ದರೆ ಹೇಳಬೇಕು. ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೀನಿ" ಎನ್ನಬೇಕು, ಮತ್ತು ನಿಜವಾಗಿಯೂ ಎದ್ದು ಹೋಗಿ ನೋಡಿಕೊಂಡು ಬಂದು ಹೇಳಬೇಕು. ಬಾಯಿಗೆ ಬಂದದ್ದು ಹೇಳಿದರೆ ಒಬ್ಬರ ಬಸ್ಸು ತಪ್ಪುತ್ತದೆ.

ಮಗಳು ಆ ನಿಯಮವನ್ನು ಹಾಗೇ ತಂದು ತರಗತಿಯಲ್ಲಿಟ್ಟರು. ಶಾಲೆಗೆ ಇಂಟರ್‌ನೆಟ್ ಬಂದಾಗ ಉಳಿದ ಟೀಚರುಗಳು ಮೂಗು ಮುರಿದರು. ಅವರಲ್ಲಿ ನಾನೂ ಒಬ್ಬ. ನಾಲ್ಕನೆಯ ತರಗತಿಯ ಮಕ್ಕಳನ್ನು ಅದರ ಮುಂದೆ ಕೂರಿಸುವುದೂ ಒಂದೇ, ಜಾತ್ರೆಯಲ್ಲಿ ಕೈ ಬಿಡುವುದೂ ಒಂದೇ ಎಂದು ವಾದಿಸಿದೆ. ಮಿಸ್ಸು ವಾದ ಮಾಡಲಿಲ್ಲ. ಮರುದಿನ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. ಅದಕ್ಕೆ ಅವರು ಇಟ್ಟ ಹೆಸರು ಹುಡುಕುವ ಹಾಳೆ.

ಹಾಳೆಯ ತಲೆಯ ಮೇಲೆ ಒಂದೇ ಒಂದು ಪ್ರಶ್ನೆ. ಅದರ ಕೆಳಗೆ ನಾಲ್ಕು ಮಕ್ಕಳ ಗುಂಪಿಗೆ ನಾಲ್ಕು ಕೆಲಸ: ಒಬ್ಬರು ಓದುವವರು, ಒಬ್ಬರು ಬರೆಯುವವರು, ಒಬ್ಬರು ನಕ್ಷೆ ಮಾಡುವವರು, ಒಬ್ಬರು ಕೇಳಿಕೊಂಡು ಬರುವವರು. ಅದರ ಕೆಳಗೆ ಐದು ಪುಟಗಳ ವಿಳಾಸ. ಆ ಐದನ್ನು ಬಿಟ್ಟು ಬೇರೆ ಯಾವ ಪುಟವನ್ನೂ ತೆರೆಯುವಂತಿಲ್ಲ. ಐದನ್ನೂ ಮಿಸ್ಸು ಮೊದಲೇ ಪೂರ್ತಿ ಓದಿರುತ್ತಿದ್ದರು. ಅಷ್ಟೇ ಅಲ್ಲ, ಪಾಠದ ದಿನ ಬೆಳಿಗ್ಗೆ ಎಂಟಕ್ಕೇ ಬಂದು ನನ್ನ ಕೈಲಿ ಬೀಗ ತೆಗೆಸಿ, ಐದೂ ಹಾಗೇ ಇವೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಕೊನೆಯಲ್ಲಿ ಮೂರು ಕಾಲಂ. ಏನು ಗೊತ್ತಾಯಿತು. ಎಲ್ಲಿ ಗೊತ್ತಾಯಿತು. ತಿಳಿದವರು ಯಾರನ್ನು ಕೇಳಿದೆ, ಏನಂದರು.

ಆ ಮೂರನೆಯ ಕಾಲಮ್ಮಿನ ಮೇಲೆ ಅವರಿಗೆ ಎಲ್ಲಿಲ್ಲದ ಹಟ. ಮೊದಲ ಎರಡು ಎಷ್ಟೇ ಚೆನ್ನಾಗಿರಲಿ, ಮೂರನೆಯದು ಖಾಲಿ ಇದ್ದರೆ ಹಾಳೆ ವಾಪಸ್ಸು. "ಪರದೆ ಮೇಲೆ ಬಂದದ್ದೆಲ್ಲಾ ನಿಜ ಅಲ್ಲ. ಒಬ್ಬ ಮನುಷ್ಯನ ಮುಖ ನೋಡಿ ಕೇಳಿ" ಎನ್ನುತ್ತಿದ್ದರು. ಬ್ರೆಡ್ಡಿಗೆ ಬೂಷ್ಟು ಯಾಕೆ ಬರುತ್ತದೆ ಎಂಬ ಹಾಳೆ ಕೊಟ್ಟ ವಾರ ಬೀದಿಯ ಬೇಕರಿಯವನು ಶಾಲೆಗೆ ಬಂದು ಕೈ ಮುಗಿದ. ನಿದ್ದೆ ಯಾಕೆ ಬರುತ್ತದೆ ಎಂಬ ಹಾಳೆಗೆ ಎಂಟೂ ಗುಂಪಿನವರು ನಮ್ಮ ಗೇಟಿನ ವಾಚ್‌ಮ್ಯಾನನ್ನೇ ತಿಳಿದವರೆಂದು ಆರಿಸಿಕೊಂಡಿದ್ದರು. ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟ, ನಾನೇ ಹೇಳಿಕೊಟ್ಟಿದ್ದೇನೆ ಎಂದು. ಹೇಳಿಕೊಟ್ಟದ್ದು ನಿಜ.

ಇನ್ನೊಂದು ನಿಯಮವಿತ್ತು. ಬರೆದದ್ದು ತಪ್ಪೆಂದು ಆಮೇಲೆ ಗೊತ್ತಾದರೆ ರಬ್ಬರಿನಿಂದ ಅಳಿಸಬಾರದು. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ತಪ್ಪು ಮಾಹಿತಿ" ಎಂದು ಬರೆದು ತಾರೀಕು ಹಾಕಬೇಕು. ತಪ್ಪಿದ್ದು ಕಾಣಬೇಕು, ಮುಚ್ಚಿಡಬಾರದು ಎಂದು ಅವರ ಲೆಕ್ಕ. ನನಗೆ ಇವೆಲ್ಲ ಸ್ವಲ್ಪ ಅತಿ ಎನಿಸುತ್ತಿತ್ತು. ಎಂಟು ಒಂಬತ್ತು ವರ್ಷದ ಮಕ್ಕಳು, ಅವರೇನು ಕೋರ್ಟಿಗೆ ಹೋಗಬೇಕೆ ಎಂದು ರೇಗಿಸುತ್ತಿದ್ದೆ.

ಆರು ವರ್ಷದ ಹಿಂದೆ ಅವರ ತರಗತಿಗೆ ಒಬ್ಬ ಹುಡುಗಿ ಬಂದಳು. ಹೆಸರು ಬೇಡ, ಎಲ್ಲರೂ ಎರಡು ಜಡೆ ಎಂದೇ ಕರೆಯುತ್ತಿದ್ದರು. ಅವಳ ತಾಯಿ ದಿನವೂ ಹಾಕುತ್ತಿದ್ದ ಆ ಜಡೆಗಳು ಅಳತೆಪಟ್ಟಿ ಇಟ್ಟು ಹಾಕಿದ ಹಾಗೆ ಇರುತ್ತಿದ್ದವು. ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ಸಲ ನನ್ನನ್ನು, "ಸರ್, ಕಂಪ್ಯೂಟರು ಆಫ್ ಮಾಡಿದಾಗ ಅದರೊಳಗೆ ಇರೋದೆಲ್ಲ ಕತ್ತಲಲ್ಲಿ ಇರುತ್ತಾ?" ಎಂದು ಕೇಳಿ ಅರ್ಧ ದಿನ ಹಾಳು ಮಾಡಿದ್ದಳು. ಮಿಸ್ಸಿಗೆ ಅವಳೆಂದರೆ ಪ್ರಾಣ. ತೋರಿಸಿಕೊಳ್ಳುತ್ತಿರಲಿಲ್ಲ.

ವರ್ಷದ ನಡುವೆ ಒಂದು ಸೋಮವಾರ ಅವಳ ಜಡೆ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಅವತ್ತೇ ಮಧ್ಯಾಹ್ನ ಅವಳ ಅಪ್ಪ ಬಂದರು. ಲಿಫ್ಟ್ ರಿಪೇರಿ ಮಾಡುವವರು, ಕೆಲಸದ ನೀಲಿ ಬಟ್ಟೆಯಲ್ಲೇ ಇದ್ದರು, ಕೈಯೆಲ್ಲ ಗ್ರೀಸು. ಮಿಸ್ಸು ಕಂಪ್ಯೂಟರ್ ಕೋಣೆಯಲ್ಲಿದ್ದುದರಿಂದ ಅಲ್ಲೇ ಬಾಗಿಲ ಹತ್ತಿರ ನಿಂತು ಹೇಳಿದರು. ನಾನೂ ಕೇಳಿಸಿಕೊಂಡೆ.

"ಮಿಸ್, ಅವಳ ಅಮ್ಮನ್ನ ಆಸ್ಪತ್ರೇಲಿ ಸೇರಿಸಿದೀವಿ. ಕೈ ಮೀರಿದೆ ಅಂತಿದಾರೆ. ಹೆಚ್ಚಂದ್ರೆ ಒಂದು ತಿಂಗಳು. ಮಗೂಗೆ ಸಣ್ಣ ಆಪರೇಷನ್ನು, ಹತ್ತು ದಿನದಲ್ಲಿ ಬರ್ತಾಳೆ ಅಂದಿದೀನಿ. ಅವಳು ಎಲ್ಲಾನೂ ನಿಮ್ಮನ್ನ ಕೇಳ್ತಾಳೆ. ದಯವಿಟ್ಟು ಹೇಳ್ಬೇಡಿ. ನಾನೇ ಸಮಯ ನೋಡಿ ಹೇಳ್ತೀನಿ. ನಂಗೆ ಮಾತು ಕೊಡಿ."

ಮಿಸ್ಸು ಆಗಲಿ ಎಂದು ತಲೆಯಾಡಿಸಿದರು. ಆತ ಹೋದ ಮೇಲೆ ನನ್ನ ಕಡೆ ತಿರುಗಿ, "ಅವಳು ನೇರವಾಗಿ ಕೇಳಿದ್ರೆ ಏನು ಮಾಡ್ಲಿ?" ಎಂದರು.

"ಬರ್ತಾರೆ ಅನ್ನಿ. ಒಂಬತ್ತು ವರ್ಷದ ಮಗು. ನಿಮ್ಮ ನಿಯಮನೆಲ್ಲ ಇಲ್ಲಿ ತರಬೇಡಿ" ಎಂದೆ. ಹೇಳಿದವನು ನಾನೇ. ಇದರಿಂದ ಕೈ ತೊಳೆದುಕೊಳ್ಳಲು ನನಗೆ ಬರುವುದಿಲ್ಲ.

ಆ ವಾರ ನಡೆಯುತ್ತಿದ್ದ ಹಾಳೆ, ದೂರದಿಂದ ಹಾರಿ ಬರುವ ಹಕ್ಕಿಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ ಎಂಬುದು. ಶನಿವಾರ ಪೋಷಕರಿಗೆ ಪ್ರದರ್ಶನ. ಎರಡು ಜಡೆಯದು ನಕ್ಷೆಯ ಕೆಲಸ. ಬುಧವಾರ ಊಟದ ಬಿಡುವಿನಲ್ಲಿ ಅವಳು ಬಂದು, "ಸರ್, ಸ್ವಲ್ಪ ಹುಡುಕೋದಿದೆ" ಎಂದಳು. ಹಕ್ಕಿಯ ವಿಷಯವಿರಬೇಕೆಂದು ಒಂದು ಕಂಪ್ಯೂಟರು ಹಾಕಿಕೊಟ್ಟು ನನ್ನ ಡಬ್ಬಿ ಬಿಚ್ಚಿದೆ. ಅವಳು ಕೈಯಲ್ಲಿದ್ದ ಚೀಟಿ ನೋಡಿ ನೋಡಿ ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಊಟ ಮುಗಿಸಿ ನೋಡುತ್ತೇನೆ, ಪರದೆಯ ಮೇಲೆ ಹಕ್ಕಿಯಿಲ್ಲ. ಮನುಷ್ಯನ ಹೊಟ್ಟೆಯ ಒಳಗಿನ ಚಿತ್ರ. ಮನೆಯಲ್ಲಿದ್ದ ಆಸ್ಪತ್ರೆಯ ಫೈಲಿನ ಮೇಲಿದ್ದ ಕಾಯಿಲೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದಳು ಮಗು.

ಬಿಡುವು ಮುಗಿಯುವ ಮೊದಲೇ ಮಿಸ್ಸು ಬಂದರು. ಎರಡು ಜಡೆ ಎದ್ದು ಹೋಗಿ ಅವರ ಕೈಗೆ ಒಂದು ಹಾಳೆ ಕೊಟ್ಟಳು. ಅಳತೆಪಟ್ಟಿ ಇಟ್ಟು ಗೆರೆ ಎಳೆದು ತಾನೇ ಮಾಡಿದ್ದ ಹುಡುಕುವ ಹಾಳೆ. ಮೇಲೆ ಪ್ರಶ್ನೆ: ಅಮ್ಮ ಮನೆಗೆ ಬರುತ್ತಾಳಾ? ನಾಲ್ಕು ಕೆಲಸದ ಮುಂದೆಯೂ ತನ್ನ ಹೆಸರನ್ನೇ ಬರೆದಿದ್ದಳು. ಮೊದಲ ಕಾಲಮ್ಮಿನಲ್ಲಿ: ಇದು ಒಳಗೆ ಬೆಳೆಯುತ್ತದೆ. ಬೇಗ ಗೊತ್ತಾದರೆ ವಾಸಿ. ತಡವಾದರೆ ಆಗುವುದಿಲ್ಲ. ಎರಡನೆಯದರಲ್ಲಿ ಪುಟದ ವಿಳಾಸ, ಒಂದು ಚುಕ್ಕೆಯೂ ತಪ್ಪದೆ. ಮೂರನೆಯದರಲ್ಲಿ "ಮಿಸ್" ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

"ಮಿಸ್, ಇದು ತುಂಬೋದಿದೆ. ನಿಮಗೆ ಗೊತ್ತಾ?" ಎಂದಳು.

ಮಿಸ್ಸು ಹಾಳೆಯನ್ನು ಎರಡು ಸಲ ಓದಿದರು. ಒಂದು ಸಲ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಈ ಪುಟ ನಾನು ಕೊಟ್ಟ ಪಟ್ಟೀಲಿ ಇಲ್ವಲ್ಲ ಪುಟ್ಟಿ" ಎಂದರು. "ಪಟ್ಟೀಲಿ ಇಲ್ಲದ್ದನ್ನ ನಂಬಬಾರದು ಅಂತ ಹೇಳಿಲ್ವಾ?"

"ಹಾಗಾದ್ರೆ ಇದು ಸುಳ್ಳಾ? ಅಮ್ಮ ಬರ್ತಾಳಾ?"

"ಬರ್ತಾರೆ."

ಹುಡುಗಿಯ ಮುಖ ಹೇಗೆ ಅರಳಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಅಲ್ಲೇ ನಿಂತು, ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಮೂರನೆಯ ಕಾಲಂ ತುಂಬಿದಳು. ಮಿಸ್‌ನ ಕೇಳಿದೆ. ಬರ್ತಾರೆ ಅಂದರು.

ಆ ಪುಟವನ್ನು ಮಿಸ್ಸು ಸಂಜೆ ಕೂತು ಪೂರ್ತಿ ಓದಿದರು. ಒಂದು ದೊಡ್ಡ ಆಸ್ಪತ್ರೆಯವರೇ ಸರಳವಾಗಿ ಬರೆದ ಪುಟ ಅದು. ಅವರು ಪಟ್ಟಿ ಮಾಡುವ ಹಾಗಿದ್ದರೆ ಮೊದಲು ಸೇರಿಸಬಹುದಾದ ಪುಟ. ಅಷ್ಟು ಚೆನ್ನಾಗಿ ಕಲಿತಿದ್ದಳು ಹುಡುಗಿ. ಕಂಪ್ಯೂಟರು ಆಫ್ ಮಾಡದೆಯೇ ಎದ್ದು ಹೋದರು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳು ನನ್ನ ಕೋಣೆಯಲ್ಲಿ ಕೂತು ಪ್ರದರ್ಶನದ ಕೆಲಸ ಮುಗಿಸುತ್ತಿದ್ದರು. ಎರಡು ಜಡೆ ನಕ್ಷೆಯ ಮೇಲೆ ಹಕ್ಕಿಗಳ ದಾರಿಗೆ ಕೆಂಪು ಉಣ್ಣೆ ದಾರ ಅಂಟಿಸುತ್ತಿದ್ದಳು. ಅಂಟಿನ ಬಾಟಲಿ ಮಿಸ್ಸಿನ ಕೈಯಲ್ಲಿತ್ತು. ಆಗ ಅವಳ ಅಪ್ಪ ಬಂದರು. ಅವತ್ತು ಕೈ ತೊಳೆದುಕೊಂಡಿದ್ದರು, ಬೇರೆ ಅಂಗಿ ಹಾಕಿದ್ದರು.

"ಬಾ ಪುಟ್ಟಿ, ಅಮ್ಮನ್ನ ನೋಡ್ಕೊಂಡು ಬರೋಣ. ಸಿಸ್ಟರ್ ಒಪ್ಪಿದಾರೆ, ಆರು ಗಂಟೆ ಒಳಗೆ ಹೋಗ್ಬೇಕು."

ಹುಡುಗಿ ತಲೆ ಎತ್ತಲಿಲ್ಲ. "ಅಪ್ಪ, ನಾಳೆ ಎಕ್ಸಿಬಿಷನ್ನು. ಇನ್ನೂ ಮೂರು ಹಕ್ಕಿ ಬಾಕಿ ಇದೆ. ಹೇಗಿದ್ರೂ ಅಮ್ಮ ಮನೆಗೇ ಬರ್ತಾಳಲ್ಲ, ಮಿಸ್ ಹೇಳಿದಾರೆ. ಆಗ ನಕ್ಷೆನೂ ತೋರಿಸ್ತೀನಿ."

ಆತ ಮಿಸ್ಸಿನ ಮುಖ ನೋಡಿದರು. ಹೋಗು ಎಂದು ಮಿಸ್ಸು ಒಂದು ಮಾತು ಅಂದಿದ್ದರೆ ಆ ಹುಡುಗಿ ದಾರ ಬಿಸಾಕಿ ಓಡುತ್ತಿದ್ದಳು. ಆದರೆ ಹೋಗು ಎಂದರೆ, ಯಾಕೆ ಎಂದು ಕೇಳುತ್ತಾಳೆ. ಯಾಕೆ ಎನ್ನುವುದಕ್ಕೆ ಉತ್ತರ ಕೊಡುವ ಹಾಗಿರಲಿಲ್ಲ. ಮೂರು ಜನ ದೊಡ್ಡವರು ಆ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆವು. ಡಾಕ್ಟರು ಒಂದು ತಿಂಗಳು ಅಂದಿದ್ದಾರಲ್ಲ, ನಾಳೆ ಹೋದರಾಯಿತು ಎಂದು ಮೂವರೂ ಒಳಗೊಳಗೇ ಸಮಾಧಾನ ಮಾಡಿಕೊಂಡೆವು.

"ಸರಿ ಬಿಡು. ನಾಳೆ ಎಲ್ಲಾ ಮುಗಿದ ಮೇಲೆ ಹೋಗೋಣ" ಎಂದು ಆತ ಒಬ್ಬರೇ ಹೋದರು.

ಶನಿವಾರ ಹನ್ನೊಂದೂವರೆಗೆ ಆಸ್ಪತ್ರೆಯಿಂದ ಆಫೀಸಿಗೆ ಫೋನು ಬಂತು. ಎರಡು ಜಡೆ ತನ್ನ ನಕ್ಷೆಯ ಪಕ್ಕ ನಿಂತು ಯಾರದೋ ತಾತನಿಗೆ ಹಕ್ಕಿಗಳು ರಾತ್ರಿ ನಕ್ಷತ್ರ ನೋಡಿಕೊಂಡು ಹೋಗುತ್ತವೆ ಎಂದು ವಿವರಿಸುತ್ತಿದ್ದಳು. ಅವಳನ್ನು ಕರೆದುಕೊಂಡು ಹೋಗಲು ಬಂದದ್ದು ಚಿಕ್ಕಪ್ಪ.

ಹತ್ತು ದಿನ ಅವಳು ಬರಲಿಲ್ಲ. ಆ ಹತ್ತು ದಿನ ಮಿಸ್ಸು ಪಾಠ ಮಾಡಿದರು, ಹಾಜರಿ ಕರೆದರು, ಸ್ಟಾಫ್ ರೂಮಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಒಂದು ಸಂಜೆ ನನ್ನ ಕೋಣೆಗೆ ಬಂದು ಕೂತು ತಾವಾಗಿಯೇ ಹೇಳಿದರು. ಮನೆಯಲ್ಲಿ ತಮ್ಮ ತಾಯಿಗೆ ವಿಷಯವನ್ನು ಕಿವಿಯ ಹತ್ತಿರ ಗಟ್ಟಿಯಾಗಿ ಕೂಗಿ ಹೇಳಬೇಕಾಯಿತಂತೆ. ಅಕ್ಕಪಕ್ಕದ ಮನೆಗೆಲ್ಲ ಕೇಳಿಸಿರಬೇಕು. ಎಲ್ಲ ಕೇಳಿಸಿಕೊಂಡ ಮುದುಕಿ ಒಂದೇ ಮಾತು ಕೇಳಿದರಂತೆ. "ಆ ಮಗೂಗೆ ಇನ್ನೊಂದು ಬಸ್ಸು ಇದ್ಯಾ?"

"ಇಲ್ಲಮ್ಮ ಅಂದೆ" ಎಂದು ಮಿಸ್ಸು ಅತ್ತರು. ನಾನು ಒಂದು ಲೋಟ ನೀರು ತಂದು ಕೊಟ್ಟೆ.

ಹನ್ನೊಂದನೆಯ ದಿನ ಹುಡುಗಿ ಬಂದಳು. ಜಡೆ ಇರಲಿಲ್ಲ. ಕೂದಲನ್ನೆಲ್ಲ ಹಿಂದಕ್ಕೆ ತಂದು ರಬ್ಬರ್ ಬ್ಯಾಂಡ್ ಹಾಕಿದ್ದರು. ಮಧ್ಯಾಹ್ನ ಮಿಸ್ಸು ಬಾಚಣಿಗೆ ತಂದು, "ಬಾ, ಜಡೆ ಹಾಕ್ತೀನಿ" ಎಂದರೆ, "ಬೇಡ ಮಿಸ್, ಹೀಗೇ ಇರ್ಲಿ" ಎಂದಳು. ಸಿಟ್ಟಿನಿಂದಲ್ಲ. ಬೇಡ ಎನ್ನುವುದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ. ಆಮೇಲೆ ತಿದ್ದಲು ಕೊಟ್ಟ ಹಾಳೆಗಳ ಕಟ್ಟಿನಲ್ಲಿ ಅವಳ ಹಾಳೆಯೂ ಇತ್ತು. ಅದೇ ಹಾಳೆ. ಮೂರನೆಯ ಕಾಲಮ್ಮಿನ ಮೇಲೆ ಅಳತೆಪಟ್ಟಿಯಿಂದ ಒಂದೇ ಗೆರೆ. ಪಕ್ಕದಲ್ಲಿ "ತಪ್ಪು ಮಾಹಿತಿ", ತಾರೀಕು. ನಿಯಮದ ಪ್ರಕಾರ.

ಮಿಸ್ಸು ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಸುಮ್ನೆ ಸೈನ್ ಹಾಕಿ ವಾಪಸ್ ಕೊಡಿ ಮಿಸ್" ಎಂದೆ. ನನ್ನ ಬುದ್ಧಿವಾದವನ್ನು ಅವರು ಎರಡನೆಯ ಸಲ ಕೇಳಲಿಲ್ಲ. ಕೆಂಪು ಪೆನ್ನು ತೆಗೆದು, ಅವಳ ಅಕ್ಷರದ ಕೆಳಗೆ ಬರೆದರು: "ಹೌದು, ತಪ್ಪು ಮಾಹಿತಿ. ಮಿಸ್ಸಿಗೆ ಗೊತ್ತಿತ್ತು." ತಾರೀಕು ಹಾಕಿದರು. ಹುಡುಗಿಯನ್ನು ಕರೆಸಿ, ಅವಳ ಎತ್ತರಕ್ಕೆ ಸಣ್ಣ ಸ್ಟೂಲಿನ ಮೇಲೆ ಕೂತು ಹಾಳೆ ಕೊಟ್ಟರು.

ಅವಳು ಓದಿದಳು. ಅಳಲಿಲ್ಲ. ಕೇಳಿದಳು.

"ಅಮ್ಮಂಗೂ ಗೊತ್ತಿತ್ತಾ ಮಿಸ್?"

"ಗೊತ್ತಿತ್ತು."

"ಶುಕ್ರವಾರ ನಾನು ಬರ್ತೀನಿ ಅಂತ ಕಾಯ್ತಿದ್ಲಾ?"

ಮಿಸ್ಸು ಹೇಳಿದರು. "ನೋಡಿ ಹೇಳ್ತೀನಿ."

ಶಾಲೆ ಬಿಟ್ಟ ಕೂಡಲೇ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಹುಡುಗಿಯ ಅಪ್ಪ ಏಳು ಮಹಡಿಯ ಒಂದು ಕಟ್ಟಡದಲ್ಲಿ ಲಿಫ್ಟು ಬಿಚ್ಚಿಕೊಂಡು ಕೂತಿದ್ದರು. ಆರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮಿಸ್ಸು ಕೇಳಿದರು. ಆತ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಾ ಒರೆಸುತ್ತಾ ಹೇಳಿದರು. ಕಾಯುತ್ತಿದ್ದಳು. ಸಿಸ್ಟರ್ ಕೈಲಿ ತಲೆ ಬಾಚಿಸಿಕೊಂಡಿದ್ದಳು. ಮಗು ಹೆದರಬಾರದೆಂದು ಮೂಗಿನ ನಳಿಕೆ ತೆಗೆಸಿ ಎಂದು ಹಟ ಮಾಡಿದ್ದಳು. ಆರಾದ ಮೇಲೂ ಬಾಗಿಲು ಹಾಕಲು ಬಿಟ್ಟಿರಲಿಲ್ಲ. ತಾನು ಒಬ್ಬನೇ ಹೋದಾಗ, ನಕ್ಷೆ ಮುಗಿಸ್ತಿದ್ದಾಳಾ, ಮುಗಿಸಲಿ ಬಿಡಿ ಎಂದಳು.

"ಇದೊಂದನ್ನ ಮಾತ್ರ ಅವಳಿಗೆ ಹೇಳ್ಬೇಡಿ ಮಿಸ್" ಎಂದರು ಆತ. "ಜೀವನ ಪೂರ್ತಿ ಕೊರಗ್ತಾಳೆ."

"ಒಂದು ಸಲ ನಿಮ್ಮ ಮಾತು ಕೇಳಿದೆ" ಎಂದರು ಮಿಸ್ಸು. ಕಟುವಾಗಿ ಹೇಳಲಿಲ್ಲ. ಆತನ ಭುಜದ ಮೇಲೆ ಕೈಯಿಟ್ಟು ಹೇಳಿದರು. ಆತ ತಲೆ ತಗ್ಗಿಸಿದರು, ಮತ್ತೆ ಬೇಡ ಎನ್ನಲಿಲ್ಲ.

ಆಮೇಲೆ ಮಿಸ್ಸು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಬಂದು ಬೀಗ ತೆಗೆಸಿದರು, ಕಂಪ್ಯೂಟರು ಹಾಕಿಸಲಿಲ್ಲ. ಹುಡುಗಿ ಹಾಳೆ ಹಿಡಿದುಕೊಂಡು ಬಂದಳು. ಮಿಸ್ಸು ಅವಳ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದರು. ಬಾಚಿಸಿಕೊಂಡದ್ದು, ನಳಿಕೆ, ಬಾಗಿಲು, ಕೊನೆಗೆ ಮುಗಿಸಲಿ ಬಿಡಿ ಎಂದದ್ದು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಆಗ ಹುಡುಗಿ ಅತ್ತಳು. ಮಿಸ್ಸಿನ ಸೆರಗು ಹಿಡಿದುಕೊಂಡು, ಪ್ರಾರ್ಥನೆಯ ಗಂಟೆ ಹೊಡೆದು ಮುಗಿದ ಮೇಲೂ ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು ನನ್ನ ಮೇಜಿಗೆ ಬಂದು ಪೆನ್ಸಿಲ್ ಕೇಳಿದಳು. ಮೂರನೆಯ ಕಾಲಮ್ಮಿನಲ್ಲಿ, ಗೆರೆ ಎಳೆದ ಸಾಲಿನ ಕೆಳಗೆ ಸ್ವಲ್ಪವೇ ಜಾಗ ಉಳಿದಿತ್ತು. ಅಷ್ಟರಲ್ಲಿ ಹಿಡಿಯುವ ಹಾಗೆ ಸಣ್ಣಗೆ ಬರೆದಳು. ಮಿಸ್‌ನ ಕೇಳಿದೆ. ಕಾಯ್ತಿದ್ರು ಅಂದರು.